ರಕ್ತದ ಗುಂಪು ನೆಗೆಟಿವ್ ಇರುವ ತಾಯಂದಿರು

ನಮ್ಮ ಕಾಲೇಜಿನ ಗುರುತಿನ ಚೀಟಿಯಲ್ಲಿ ರಕ್ತದ ಗುಂಪು ಬರೆಯಲು ಒಂದು ಜಾಗವಿದೆ. ಎ, ಬಿ, ಎಬಿ ಅಥವಾ ಓ ಎಂಬ ಅಕ್ಷರದ ಪಕ್ಕದಲ್ಲಿ ಪಾಸಿಟಿವ್ ಅಥವಾ ನೆಗೆಟಿವ್ ಎಂದು ಇರುತ್ತದೆ. ಅಕ್ಷರ ಎಲ್ಲರಿಗೂ ನೆನಪಿರುತ್ತದೆ. ಪಕ್ಕದ ಪದದ ಅರ್ಥ ಬಹಳ ಜನರಿಗೆ ಗೊತ್ತಿಲ್ಲ. ಆದರೆ ಒಬ್ಬ ಗರ್ಭಿಣಿಯ ಮಟ್ಟಿಗೆ ಆ ಪದವೇ ಮುಖ್ಯ.

ಎ, ಬಿ, ಓ ಗುಂಪುಗಳನ್ನು 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ಗುರುತಿಸಿದರು. 1940ರಲ್ಲಿ ಅವರು ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಜಾತಿಯ ಕೋತಿಯ ರಕ್ತವನ್ನು ಬಳಸಿ ಪ್ರಯೋಗ ಮಾಡುವಾಗ ಇನ್ನೊಂದು ಅಂಶ ಕಂಡುಬಂತು. ಅದಕ್ಕೇ ಆರ್‌ಎಚ್ ಎಂಬ ಹೆಸರು. ನಮ್ಮ ಕೆಂಪು ರಕ್ತಕಣಗಳ ಮೇಲೆ 'ಡಿ' ಎಂಬ ಪ್ರೋಟೀನ್ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಇದು ರೋಗವಲ್ಲ. ಭಾರತದಲ್ಲಿ 100 ಜನರಲ್ಲಿ ಸುಮಾರು 5 ಮಂದಿ ನೆಗೆಟಿವ್. ಯುರೋಪಿನವರಲ್ಲಿ ಸುಮಾರು 15 ಮಂದಿ.

ಹಾಗಾದರೆ ತೊಂದರೆ ಎಲ್ಲಿ ಬರುತ್ತದೆ? ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಬಹುದು. ಹೆರಿಗೆಯ ಸಮಯದಲ್ಲಿ ಮಗುವಿನ ಸ್ವಲ್ಪ ರಕ್ತ ತಾಯಿಯ ರಕ್ತದಲ್ಲಿ ಸೇರುತ್ತದೆ. ತಾಯಿಯ ದೇಹ ಆ ಕಣಗಳನ್ನು ಹೊರಗಿನವು ಎಂದು ತಿಳಿದು ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅಷ್ಟರಲ್ಲಿ ಮಗು ಹುಟ್ಟಿರುವುದರಿಂದ ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಮುಂದಿನದನ್ನು ವಾಣಿಜ್ಯ ವಿಭಾಗದವರಾದ ನಾವು ಸುಲಭವಾಗಿ ಅರ್ಥಮಾಡಿಕೊಳ್ಳಬಹುದು. ಒಂದು ವರ್ಷದ ಅಂತಿಮ ಶಿಲ್ಕು ಮುಂದಿನ ವರ್ಷದ ಆರಂಭಿಕ ಶಿಲ್ಕಾಗಿ ಬರುವಂತೆ, ತಾಯಿಯ ದೇಹ ಕಲಿತದ್ದು ಮುಂದಿನ ಗರ್ಭಕ್ಕೂ ಬರುತ್ತದೆ. ಎರಡನೇ ಮಗುವೂ ಪಾಸಿಟಿವ್ ಆಗಿದ್ದರೆ ಆ ಪ್ರತಿಕಾಯಗಳು ಮಗುವಿನ ರಕ್ತಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತಹೀನತೆ, ಹೆಚ್ಚಿನ ಕಾಮಾಲೆ ಬರಬಹುದು, ಮೆದುಳಿಗೆ ಹಾನಿಯಾಗಬಹುದು. ಕೆಲವು ಮಕ್ಕಳು ಗರ್ಭದಲ್ಲೇ ತೀರಿಕೊಳ್ಳುತ್ತವೆ. ಹಿಂದೆ ಇಂಥ ಮನೆಗಳಲ್ಲಿ ಕಾರಣ ತಿಳಿಯದೆ ತಾಯಿಯನ್ನೇ ದೂರುತ್ತಿದ್ದರು, ಇಲ್ಲವೇ ಯಾರದೋ ನಜರ್ ತಗುಲಿತು ಎನ್ನುತ್ತಿದ್ದರು.

ಇದನ್ನು ತಡೆಯಲು 1968ರಿಂದ ಆಂಟಿ-ಡಿ ಎಂಬ ಚುಚ್ಚುಮದ್ದು ಬಳಕೆಯಲ್ಲಿದೆ. ತಾಯಿಯ ರಕ್ತಕ್ಕೆ ಸೇರಿದ ಮಗುವಿನ ಕಣಗಳನ್ನು ಆಕೆಯ ದೇಹ ಗುರುತಿಸುವ ಮೊದಲೇ ಈ ಮದ್ದು ತೆಗೆದುಹಾಕುತ್ತದೆ. ಇದನ್ನು ಗರ್ಭದ 28ನೇ ವಾರದ ಹೊತ್ತಿಗೆ ಒಮ್ಮೆ ಕೊಡುತ್ತಾರೆ. ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ ಕೊಡುತ್ತಾರೆ. ಗರ್ಭಪಾತವಾದರೆ ಅಥವಾ ಗರ್ಭಿಣಿ ಬಿದ್ದು ಹೊಟ್ಟೆಗೆ ಪೆಟ್ಟಾದರೆ ಆಗಲೂ ತಡಮಾಡದೆ ವೈದ್ಯರಿಗೆ ಹೇಳಬೇಕು. ಚುಚ್ಚುಮದ್ದು ಇಲ್ಲದ ಕಾಲದಲ್ಲಿ ಇಂಥ 100 ತಾಯಂದಿರಲ್ಲಿ ಸುಮಾರು 16 ಮಂದಿಗೆ ಪ್ರತಿಕಾಯ ಬೆಳೆಯುತ್ತಿತ್ತು. ಎರಡೂ ಸಲ ಹಾಕಿಸಿಕೊಂಡರೆ ಆ ಸಂಖ್ಯೆ 1ಕ್ಕಿಂತಲೂ ಕಡಿಮೆಯಾಗುತ್ತದೆ. ಆದರೆ ಪ್ರತಿಕಾಯ ಒಮ್ಮೆ ಬೆಳೆದ ಮೇಲೆ ಈ ಮದ್ದಿನಿಂದ ಪ್ರಯೋಜನವಿಲ್ಲ. ಅದು ಬೆಳೆದಿದೆಯೇ ಎಂದು ಕೂಂಬ್ಸ್ ಎಂಬ ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಬೆಳೆದಿದ್ದರೂ ಧೈರ್ಯಗೆಡಬೇಕಿಲ್ಲ. ಗರ್ಭದಲ್ಲಿರುವ ಮಗುವಿಗೇ ರಕ್ತ ಕೊಡುವ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಲ್ಲಿ ಇದೆ.

ಈ ಮದ್ದು ತಯಾರಾಗುವುದು ಮನುಷ್ಯರು ದಾನ ಮಾಡಿದ ರಕ್ತದ ಪ್ಲಾಸ್ಮಾದಿಂದ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ 14ನೇ ವಯಸ್ಸಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದಾಗ ಬೇರೆಯವರ ರಕ್ತದಿಂದ ಬದುಕಿದರು. ಆ ಋಣ ತೀರಿಸಲು 18 ತುಂಬಿದಾಗಿನಿಂದ 2018ರವರೆಗೆ 1,100ಕ್ಕೂ ಹೆಚ್ಚು ಬಾರಿ ದಾನ ಮಾಡಿದರು. ಅವರಿಗೆ ಸೂಜಿ ಎಂದರೆ ಹೆದರಿಕೆ, ಚುಚ್ಚುವಾಗ ಬೇರೆ ಕಡೆ ನೋಡುತ್ತಿದ್ದರಂತೆ.

ಚಿಕಿತ್ಸೆ ಇದ್ದರೂ ಅದನ್ನು ಕೆಡಿಸುವುದು ಮುಚ್ಚಿಡುವ ಅಭ್ಯಾಸ. ನನ್ನ ಆಪಾಳ ರಕ್ತ ಓ ನೆಗೆಟಿವ್. ಮೂರು ವರ್ಷದ ಹಿಂದೆ ಅವಳ ಮದುವೆಯ ಮಾತು ನಡೆಯುವಾಗ ನೆಂಟರೊಬ್ಬರು, "ಗಂಡಿನ ಮನೆಯವರಿಗೆ ಇದನ್ನು ಹೇಳಬೇಡಿ, ಹುಡುಗಿಯಲ್ಲಿ ಏನೋ ಐಬು ಇದೆ ಅಂದುಕೊಳ್ಳುತ್ತಾರೆ" ಎಂದರು. ಅಮ್ಮಿ ಒಪ್ಪಲಿಲ್ಲ. "ಈಗ ಮುಚ್ಚಿಟ್ಟರೆ ನಾಳೆ ಆಸ್ಪತ್ರೆಯಲ್ಲಿ ಹೇಳುವವರು ಯಾರು?" ಎಂದು ಕೇಳಿ ತಾವೇ ತಿಳಿಸಿದರು. ಮದುವೆ ನಿಲ್ಲಲಿಲ್ಲ. ಮೊದಲ ಮಗು ಪಾಸಿಟಿವ್ ಹುಟ್ಟಿತು, ಮರುದಿನವೇ ದೂಲ್ಹಾಭಾಯಿ ಚುಚ್ಚುಮದ್ದು ತಂದುಕೊಟ್ಟರು. ಈಗ ಆಪಾ ಎರಡನೇ ಸಲ ಗರ್ಭಿಣಿ. ಕೂಂಬ್ಸ್ ಪರೀಕ್ಷೆ ನೆಗೆಟಿವ್ ಬಂದಿದೆ. ಈ ನೆಗೆಟಿವ್ ಕೇಳಿ ಮನೆಯವರೆಲ್ಲ ಅಲ್‌ಹಮ್ದುಲಿಲ್ಲಾಹ್ ಎಂದರು.

ಇದು ಹೆಣ್ಣುಮಕ್ಕಳ ವಿಷಯ ಎಂದು ಹುಡುಗರು ಪುಟ ತಿರುಗಿಸಬಾರದು. ಗಂಡನೂ ನೆಗೆಟಿವ್ ಆಗಿದ್ದರೆ ಮಗುವೂ ನೆಗೆಟಿವ್, ಚುಚ್ಚುಮದ್ದೇ ಬೇಡ. ಆದ್ದರಿಂದ ಇಬ್ಬರ ಗುಂಪೂ ತಿಳಿದಿರಬೇಕು. ಮದ್ದಿಗೆ ಕೆಲವು ಸಾವಿರ ರೂಪಾಯಿ ಆಗಬಹುದು, ಎಲ್ಲ ಕಡೆ ಆ ಕೂಡಲೇ ಸಿಗದೆಯೂ ಇರಬಹುದು. ಅದಕ್ಕೆ ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಿಡುವುದು ಮನೆಯ ಗಂಡಸರು ಮಾಡಬಹುದಾದ ಕೆಲಸ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರ ತಾಯಿ ಕಾರ್ಡ್ ತೆಗೆದು ರಕ್ತದ ಗುಂಪು ನೋಡಿ. ಅಲ್ಲಿ ನೆಗೆಟಿವ್ ಎಂದಿದ್ದರೆ ವೈದ್ಯರನ್ನಾಗಲಿ ಆಶಾ ಕಾರ್ಯಕರ್ತೆಯನ್ನಾಗಲಿ ಆಂಟಿ-ಡಿ ಬಗ್ಗೆ ಕೇಳಿ. ಹೆರಿಗೆಯಾದ ಮೇಲೆ ನಮಗಿರುವುದು ಮೂರೇ ದಿನ.