ಸ್ಕೂಟರಿನ ಬ್ಯಾಟರಿ ಮತ್ತು ದೀಪ: ದೋಷ ಹುಡುಕುವ ಕ್ರಮ

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಸ್ಕೂಟರಿನ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಆದರೆ ಸಣ್ಣ ಬೆಳೆಗಾರರಿಗೆ ಗೊಬ್ಬರದ ಚೀಲ ತರಲು, ಸಂಘಕ್ಕೆ ಮಾದರಿ ಅಡಿಕೆ ಒಯ್ಯಲು, ಅಪರಾತ್ರಿಯಲ್ಲಿ ವೈದ್ಯರ ಬಳಿಗೆ ಓಡಲು ಇರುವುದು ಈ ಒಂದೇ ವಾಹನ. ತೋಟದ ಹಾದಿಯಲ್ಲಿ ಬೀದಿದೀಪವಿಲ್ಲ. ದೀಪ ಆರಿತೆಂದರೆ ಪ್ರಾಣಕ್ಕೇ ಸಂಚಕಾರ.

ಮೊದಲು ನಮ್ಮದೇ ಪೆದ್ದುತನವನ್ನು ಹೇಳಿಬಿಡುತ್ತೇವೆ. ಒಂದು ಮಳೆಗಾಲದಲ್ಲಿ ನಮ್ಮ ಸ್ಕೂಟರಿನ ದೀಪ ದಿನದಿಂದ ದಿನಕ್ಕೆ ಮಂಕಾಗುತ್ತ ಬಂದಿತು. ನಾವು ಲಕ್ಷ್ಯ ಕೊಡಲಿಲ್ಲ. ಸಭೆ ಮುಗಿಸಿ ಮನೆಗೆ ಮರಳುವ ರಾತ್ರಿ, ಇಳಿಜಾರಿನ ತಿರುವಿನಲ್ಲಿ ಅದು ಪೂರ್ತಿ ಆರಿ, ನಾವು ಸ್ಕೂಟರ್ ಸಮೇತ ಚರಂಡಿಗೆ ಇಳಿದೆವು. ಮೊಣಕಾಲಿನ ಗಾಯದೊಂದಿಗೆ ಪಾರಾದುದು ಪುಣ್ಯ. ಮರುದಿನವೇ ಹೊಸ ಬ್ಯಾಟರಿ ಹಾಕಿಸಿದೆವು. ಎರಡು ವಾರದಲ್ಲಿ ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ಹಳೆಯ ಬ್ಯಾಟರಿಯಲ್ಲಿ ದೋಷವೇ ಇರಲಿಲ್ಲ. ಅರ್ತ್ ವೈರಿನ ತುದಿ ಹಸಿರುಗಟ್ಟಿ ತಿಂದುಹೋಗಿತ್ತು. ಕೊಳೆರೋಗದ ಔಷಧಿಗೆಂದು ಮೈಲುತುತ್ತದ ಚೀಲವನ್ನು ನಾವು ಕಾಲಿಡುವ ಜಾಗದಲ್ಲೇ ಇಟ್ಟು ತರುತ್ತಿದ್ದೆವು. ಹಲವು ಸ್ಕೂಟರುಗಳಲ್ಲಿ ಬ್ಯಾಟರಿ ಇರುವುದು ಅದೇ ತಟ್ಟಿನ ಕೆಳಗೆ. ಒದ್ದೆಯಾದ ಮೈಲುತುತ್ತ ಕಬ್ಬಿಣದ ಬೋಲ್ಟನ್ನು ಬೇಗನೆ ತಿನ್ನುತ್ತದೆ. ತಪ್ಪು ನಮ್ಮದು, ದಂಡ ಕಟ್ಟಿದ್ದೂ ನಾವೇ.

ವ್ಯವಸ್ಥೆ ಹೇಗಿದೆ?

ಎಂಜಿನ್ನಿನೊಡನೆ ಅಯಸ್ಕಾಂತದ ಚಕ್ರ ತಿರುಗುವಾಗ ಅದರೊಳಗಿನ ಕಾಯಿಲಿನಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದು ಏ.ಸಿ. ವಿದ್ಯುತ್ತು. ರೆಗ್ಯುಲೇಟರ್ ಎಂಬ ಸಣ್ಣ ಪೆಟ್ಟಿಗೆ ಇದನ್ನು ಡಿ.ಸಿ.ಗೆ ಪರಿವರ್ತಿಸಿ, ಮಿತಿಮೀರದಂತೆ ತಡೆದು, ಬ್ಯಾಟರಿಗೆ ಕಳಿಸುತ್ತದೆ. ಅಲ್ಲಿಂದ ಫ್ಯೂಸು, ಸ್ವಿಚ್ಚುಗಳ ಮೂಲಕ ಹಾರ್ನು, ಇಂಡಿಕೇಟರ್, ಸೆಲ್ಫ್ ಸ್ಟಾರ್ಟಿಗೆ ಹೋಗುತ್ತದೆ. ಕೆಲವು ಮಾದರಿಗಳಲ್ಲಿ ಮುಂದಿನ ದೀಪಕ್ಕೆ ಬ್ಯಾಟರಿಯಿಂದ ವಿದ್ಯುತ್ತು ಬರುತ್ತದೆ. ಇನ್ನು ಕೆಲವದರಲ್ಲಿ ಕಾಯಿಲಿನಿಂದ ನೇರವಾಗಿ ಬರುತ್ತದೆ. ಹಾರ್ನು ಸತ್ತಿದ್ದು ಮುಂದಿನ ದೀಪ ಮಾತ್ರ ಎಂಜಿನ್ ಓಡುವಾಗ ಉರಿದರೆ ನಿಮ್ಮದು ಎರಡನೆಯ ಬಗೆಯದೆಂದು ತಿಳಿಯಬಹುದು.

ಪರೀಕ್ಷೆಯ ಕ್ರಮ

ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಒಂದಿದ್ದರೆ ಸಾಕು. ನಾಲ್ಕು ಮನೆಗೆ ಒಂದಾದರೂ ಆದೀತು. ಎಂಜಿನ್ ಓಡಿಸಿ ಪರೀಕ್ಷಿಸುವಾಗ ಸ್ಕೂಟರನ್ನು ನಡು ಸ್ಟ್ಯಾಂಡಿನ ಮೇಲೆ, ಹಿಂದಿನ ಚಕ್ರ ನೆಲ ಮುಟ್ಟದಂತೆ, ಬಯಲಿನಲ್ಲಿ ನಿಲ್ಲಿಸತಕ್ಕದ್ದು. ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ಅಪಾಯಕಾರಿ.

1. ಕಣ್ಣಿನ ಪರೀಕ್ಷೆ. ಫ್ಯೂಸು ಸುಟ್ಟಿದೆಯೇ, ಇಲಿ ವೈರು ಕಡಿದಿದೆಯೇ, ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕೂತಿದೆಯೇ ನೋಡಿರಿ. ಫ್ಯೂಸು ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ತಂತಿ ಸುತ್ತಿ ಓಡಿಸಿದರೆ ಮುಂದಿನ ಸಲ ಸುಡುವುದು ಇಡೀ ವೈರಿಂಗು.

2. ಬ್ಯಾಟರಿ. ರಾತ್ರಿಯೆಲ್ಲ ನಿಂತ ಸ್ಕೂಟರಿನಲ್ಲಿ, ಕೀ ಹಾಕುವ ಮುನ್ನ, ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಪೂರ್ಣ ಚಾರ್ಜು. 12ಕ್ಕಿಂತ ಕೆಳಗಿದ್ದರೆ ಖಾಲಿಯೆಂದೇ ಲೆಕ್ಕ. ಖಾಲಿಯಾದದ್ದು ಕೆಟ್ಟದ್ದೆಂದು ಅರ್ಥವಲ್ಲ. ಹೊರಗಿನ ಚಾರ್ಜರಿನಲ್ಲಿ ಪೂರ್ಣ ತುಂಬಿಸಿ, ವೈರು ಬಿಚ್ಚಿ ಒಂದು ರಾತ್ರಿ ಇಡಿರಿ. ಬೆಳಿಗ್ಗೆ ಬಹಳ ಇಳಿದಿದ್ದರೆ ಬ್ಯಾಟರಿಯೇ ಹಾಳು. ಬಿಚ್ಚಿಟ್ಟಾಗ ನಿಂತು, ಸ್ಕೂಟರಿಗೆ ಜೋಡಿಸಿಟ್ಟಾಗ ಮಾತ್ರ ಇಳಿದರೆ ಎಲ್ಲೋ ವಿದ್ಯುತ್ತು ಸೋರುತ್ತಿದೆ; ಹೊರಗಿನಿಂದ ಹಾಕಿಸಿದ ಹಾರ್ನು, ಅಲಾರಂಗಳನ್ನು ಮೊದಲು ಸಂಶಯಿಸಿರಿ.

3. ಅರ್ತ್. ಎಂಜಿನ್ ಓಡಿಸಿ, ದೀಪ ಹಾಕಿ, ಬ್ಯಾಟರಿಯ ಮೈನಸ್ ತುದಿ ಮತ್ತು ಎಂಜಿನ್ನಿನ ಬರಿಯ ಲೋಹದ ನಡುವೆ ಅಳೆಯಿರಿ. ಬಹುಮಟ್ಟಿಗೆ ಸೊನ್ನೆ ಬರಬೇಕು. ಅರ್ಧ ವೋಲ್ಟ್ ಬಂದರೆ ಅರ್ತ್ ಜೋಡಣೆ ಕೆಟ್ಟಿದೆ. ಬಿಚ್ಚಿ, ಉಪ್ಪು ಕಾಗದದಿಂದ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿರಿ. ನಾವು ಈ ಒಂದು ನಿಮಿಷದ ಪರೀಕ್ಷೆ ಮಾಡಿದ್ದರೆ ಬ್ಯಾಟರಿಯ ಹಣ ಉಳಿಯುತ್ತಿತ್ತು.

4. ಚಾರ್ಜು. ಎಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ. ಸುಮಾರು 13.5ರಿಂದ 14.8 ವೋಲ್ಟ್ ಇರಬೇಕು. ಏರದಿದ್ದರೆ ಚಾರ್ಜು ಬರುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬುಗಳು ಮೇಲಿಂದ ಮೇಲೆ ಸುಡುವುದು, ಬ್ಯಾಟರಿ ಕಾಯುವುದು ಇದರ ಲಕ್ಷಣ.

5. ಕಾಯಿಲೋ, ರೆಗ್ಯುಲೇಟರೋ? ರೆಗ್ಯುಲೇಟರಿನ ಪ್ಲಗ್ಗನ್ನು ಬಿಚ್ಚಿ, ಮೀಟರನ್ನು ಏ.ಸಿ.ಗೆ ತಿರುಗಿಸಿ, ಕಾಯಿಲಿನಿಂದ ಬರುವ ವೈರನ್ನು ಪರೀಕ್ಷಿಸಿರಿ. ಒಂದೇ ಹಂತದ ಕಾಯಿಲಾದರೆ ಸಾಮಾನ್ಯವಾಗಿ ವೈರಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಅಳೆಯಬೇಕು. ಒಂದೇ ಬಣ್ಣದ ಮೂರು ವೈರುಗಳಿದ್ದರೆ ಎರಡೆರಡರ ನಡುವೆ ಅಳೆದಾಗ ಮೂರು ಅಳತೆಗಳೂ ಸಮನಾಗಿರಬೇಕು. ವೇಗ ಹೆಚ್ಚಿಸಿದಂತೆ ವೋಲ್ಟೇಜು ಚೆನ್ನಾಗಿ ಏರಿದರೆ ಕಾಯಿಲು ಸರಿಯಿದೆ. ರೆಗ್ಯುಲೇಟರ್ ಅಥವಾ ನಡುವಣ ವೈರು ದೋಷಿ. ಏರದಿದ್ದರೆ ಕಾಯಿಲು ಹೋಗಿದೆ. ಅದು ಮೆಕ್ಯಾನಿಕ್ಕನ ಕೆಲಸ.

ಎಚ್ಚರಿಕೆಗಳು

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಪ್ಲಸ್ ಮೊದಲು. ಬ್ಯಾಟರಿ ಬಿಚ್ಚಿ ಎಂಜಿನ್ ಓಡಿಸಬಾರದು. ರೆಗ್ಯುಲೇಟರಿಗೂ ಬಲ್ಬುಗಳಿಗೂ ಕೇಡು. ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ಬಾವಿಯ ನೀರು ಸಲ್ಲದು. ಸೀಲ್ ಮಾಡಿದ ಬ್ಯಾಟರಿಯನ್ನು ತೆರೆಯಕೂಡದು.

ಆನೆಯ ಹೆದರಿಕೆಯಿಂದ ಹಲವರು ಹೆಚ್ಚುವರಿ ದೀಪ ಹಾಕಿಸುತ್ತಾರೆ. ಲೆಕ್ಕ ನೋಡಿರಿ: 20 ವಾಟ್ ದೀಪಕ್ಕೆ ಸುಮಾರು 1.7 ಆಂಪಿಯರ್ ಬೇಕು. ಎಂಜಿನ್ ನಿಲ್ಲಿಸಿ ಅದನ್ನು ಉರಿಸಿದರೆ 5 ಆಂಪಿಯರ್-ಅವರ್ ಬ್ಯಾಟರಿ ಮೂರು ಗಂಟೆಯೊಳಗೆ ಬರಿದು. ದಿನವೂ ಒಂದೆರಡು ಕಿಲೋಮೀಟರು ಮಾತ್ರ ಓಡಿಸಿ ಹತ್ತು ಸಲ ಸೆಲ್ಫ್ ಒತ್ತಿದರೂ ಇದೇ ಗತಿ. ಕಿಕ್ಕರ್ ಇದ್ದವರು ಬೆಳಗಿನ ಮೊದಲ ಸ್ಟಾರ್ಟಿಗೆ ಅದನ್ನೇ ಬಳಸಿರಿ.

ರೆಗ್ಯುಲೇಟರ್ ಇಲ್ಲದ ಹಳೆಯ ಟೂ-ಸ್ಟ್ರೋಕ್ ಸ್ಕೂಟರುಗಳಲ್ಲಿ ಒಂದು ಬಲ್ಬು ಸುಟ್ಟರೆ ಉಳಿದವುಗಳ ಮೇಲೆ ವೋಲ್ಟೇಜು ಏರಿ ಅವೂ ಸುಡುತ್ತವೆ. ಹೇಳಿದ ವಾಟಿನ ಬಲ್ಬನ್ನೇ ಹಾಕಬೇಕು. 2017ರ ಏಪ್ರಿಲ್‌ನಿಂದೀಚಿನ ಹೊಸ ಸ್ಕೂಟರುಗಳಲ್ಲಿ ಎಂಜಿನ್ ಓಡುವಾಗ ಮುಂದಿನ ದೀಪ ತಾನಾಗಿ ಉರಿಯಬೇಕು. ಉರಿಯದಿದ್ದರೆ ಹಗಲಾದರೂ ಉದಾಸೀನ ಬೇಡ. 2020ರ ಬಿ.ಎಸ್.-6 ನಿಯಮದ ನಂತರದ, ಇಂಜೆಕ್ಷನ್ ಇರುವ ಸ್ಕೂಟರುಗಳು ಬ್ಯಾಟರಿ ಪೂರ್ತಿ ಸತ್ತರೆ ಸ್ಟಾರ್ಟೇ ಆಗದಿರಬಹುದು. ಅವುಗಳಲ್ಲಿ ಮೊದಲ ಮೂರು ಪರೀಕ್ಷೆ ಮಾಡಿ, ಉಳಿದುದನ್ನು ಗ್ಯಾರೇಜಿಗೆ ಬಿಡುವುದು ಲೇಸು.

ಮೈಲುತುತ್ತ, ಸುಣ್ಣ, ರಸಗೊಬ್ಬರವನ್ನು ತರುವಾಗ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಮನೆಗೆ ಬಂದೊಡನೆ ಚೆಲ್ಲಿದ್ದನ್ನು ತೊಳೆದು ಒರೆಸಿರಿ. ಮುಂಗಾರಿಗೆ ಮುನ್ನ ಚರಂಡಿ ಬಿಡಿಸುವ ದಿನವೇ ಬ್ಯಾಟರಿಯ ತುದಿಗಳನ್ನೂ ಉಜ್ಜಿಡಿರಿ. ಹಿಂದಿನ ದೀಪವನ್ನು ಮರೆಯಬೇಡಿರಿ. ಅದು ನಮಗೆ ಕಾಣುವುದಿಲ್ಲ, ಆದರೆ ಹಿಂದಿನಿಂದ ಬರುವ ಲಾರಿಯವನಿಗೆ ನಾವು ಕಾಣುವುದು ಅದರಿಂದಲೇ. ಸದಸ್ಯರು ತಮ್ಮ ಅನುಭವಗಳನ್ನು ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.