ರೆಹೋಬೋತ್ ಎಂಬ ಬಾವಿ

ಓದತಕ್ಕ ವಾಕ್ಯಭಾಗಗಳು: ಆದಿಕಾಂಡ 26:15–22, ಯೋಹಾನ 4:5–15

ನೀರನ್ನು ಮನುಷ್ಯನು ಉಂಟುಮಾಡಲಿಲ್ಲ. ಬಾವಿ ತೋಡುವವನು ಮಣ್ಣನ್ನು ಮಾತ್ರ ತೆಗೆಯುತ್ತಾನೆ. ಒರತೆಯನ್ನು ಕೊಡುವಾತನು ದೇವರೇ. ಇದನ್ನು ಮರೆತದ್ದರಿಂದ ಎಷ್ಟು ಜಗಳಗಳೂ ಎಷ್ಟು ರೋಗಗಳೂ ಉಂಟಾದವೆಂಬದನ್ನು ಈ ಪಾಠದಲ್ಲಿ ಯೋಚಿಸೋಣ.

1. ಬಾವಿಯನ್ನು ಮುಚ್ಚುವವರು. ಅಬ್ರಹಾಮನ ಸೇವಕರು ತೋಡಿದ್ದ ಬಾವಿಗಳನ್ನು ಫಿಲಿಷ್ಟಿಯರು ಹೊಟ್ಟೆಕಿಚ್ಚಿನಿಂದ ಮಣ್ಣು ಹಾಕಿ ಮುಚ್ಚಿಬಿಟ್ಟರು. ಇಸಾಕನು ಹೊಸ ಬಾವಿಗಳನ್ನು ತೋಡಿಸಿದಾಗ ಗೆರಾರಿನ ದನಕಾಯುವವರು ಬಂದು ನೀರು ತಮ್ಮದೇ ಎಂದು ವ್ಯಾಜ್ಯ ಮಾಡಿದರು. ಆದಕಾರಣ ಒಂದು ಬಾವಿಗೆ ಜಗಳವೆಂದೂ ಇನ್ನೊಂದಕ್ಕೆ ಹಗೆತನವೆಂದೂ ಅರ್ಥವುಳ್ಳ ಹೆಸರುಗಳಾದವು.

ನೀರು ನಮ್ಮದೇ ಎಂಬ ಆ ಮಾತನ್ನು ನಮ್ಮ ಹಿರಿಯರೂ ಕೇಳಿದವರೇ. ಅವರಲ್ಲಿ ಅನೇಕರು ಊರ ಬಾವಿಯ ಕಟ್ಟೆಯನ್ನು ಮುಟ್ಟಲಾರದೆ, ಬರಿದಾದ ಕೊಡವನ್ನಿಟ್ಟುಕೊಂಡು ದೂರದಲ್ಲಿ ನಿಂತು, ಯಾರಾದರೂ ನೀರು ಹೊಯ್ದಾರೋ ಎಂದು ಬಿಸಿಲಲ್ಲಿ ಕಾದರು. ಆಗ ಧಾರವಾಡ ಬೆಳಗಾವಿ ಸೀಮೆಗಳೂ ಸೇರಿದ್ದ ಮುಂಬಯಿ ಪ್ರಾಂತದ ಮಹಾಡ ಎಂಬ ಊರಲ್ಲಿ, 1927ನೇ ಮಾರ್ಚ್ 20ರಂದು, ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಚವದಾರ್ ಕೆರೆಗೆ ಹೋಗಿ ಅದರ ನೀರನ್ನು ಕುಡಿದರು. ಆ ಕೆರೆಯ ವ್ಯಾಜ್ಯದಲ್ಲಿ 1937ರಲ್ಲಿ ಉಚ್ಚ ನ್ಯಾಯಾಲಯವು ಅವರ ಪಕ್ಷವಾಗಿ ತೀರ್ಪುಕೊಟ್ಟಿತು. 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗವು ಸಾರ್ವಜನಿಕ ಬಾವಿ ಕೆರೆಗಳಿಂದ ಜಾತಿಯ ನಿಮಿತ್ತ ಯಾರನ್ನೂ ತಡೆಯಕೂಡದೆಂದು ವಿಧಿಸಿತು.

2. ಬಾವಿಯನ್ನು ಕೆಡಿಸುವವರು. ಮಣ್ಣು ಹಾಕದೆಯೂ ಬಾವಿಯನ್ನು ಹಾಳುಮಾಡಬಹುದು. 1854ರಲ್ಲಿ ಲಂಡನಿನ ಬ್ರಾಡ್ ಬೀದಿಯ ಸುತ್ತಲೂ ಕಾಲರಾ ಎದ್ದು 600ಕ್ಕಿಂತ ಹೆಚ್ಚು ಜನರು ಸತ್ತರು. ಆ ಬೀದಿಯ ಪಂಪಿನ ನೀರೇ ಕಾರಣವೆಂದು ಜಾನ್ ಸ್ನೋ ಎಂಬ ವೈದ್ಯನು ಹೇಳಿ ಅದರ ಹಿಡಿಯನ್ನು ತೆಗೆಸಿದನು. ಅಲ್ಲಿಯ ಸಭೆಯ ಸಹಾಯಕ ಬೋಧಕನಾದ ಹೆನ್ರಿ ವೈಟ್‌ಹೆಡ್ ಮೊದಲು ಇದನ್ನು ನಂಬಲಿಲ್ಲ. ಸುಳ್ಳೆಂದು ತೋರಿಸುವದಕ್ಕೆ ಮನೆಮನೆಗೂ ಹೋಗಿ ವಿಚಾರಿಸಿದನು. ಆದರೆ ಅವನಿಗೆ ಸಿಕ್ಕಿದ್ದು ಸತ್ಯವೇ. ಭೇದಿಯಿಂದ ಬಳಲುತ್ತಿದ್ದ ಒಂದು ಕೂಸಿನ ಬಟ್ಟೆಗಳನ್ನು ತಾಯಿಯು ತೊಗೆದು, ಆ ನೀರನ್ನು ಮನೆಯ ಕೊಚ್ಚೆಗುಂಡಿಗೆ ಚೆಲ್ಲಿದ್ದಳು. ಗುಂಡಿಯಿಂದ ಅದು ಬಾವಿಗೆ ಒಸರಿತ್ತು. ಆ ತಾಯಿಯಲ್ಲಿ ಕೇಡಿನ ಮನಸ್ಸು ಇರಲಿಲ್ಲ. ಆದರೂ ನೆರೆಹೊರೆಯವರು ಸತ್ತರು. ಆಕೆಗೆ ತಿಳಿಯದಿದ್ದದ್ದು ನಮಗೆ ತಿಳಿದದೆ. ಹೀಗಿರಲಾಗಿ ನಮಗೆ ನೆವವೇನು?

ಆದಕಾರಣ ಬಾವಿಗೆ ಎತ್ತರವಾದ ಕಟ್ಟೆಯನ್ನೂ ಮುಚ್ಚಳವನ್ನೂ ಮಾಡಿರಿ. ಕಟ್ಟೆಯ ಮೇಲೆ ಬಟ್ಟೆ ಒಗೆಯಬೇಡಿರಿ, ದನ ತೊಳೆಯಬೇಡಿರಿ. ಪಾಯಿಖಾನೆಯ ಗುಂಡಿಯೂ ತಿಪ್ಪೆಯೂ ಬಾವಿಯಿಂದ 50 ಅಡಿಗಾದರೂ ದೂರವಿರಲಿ. ಇನ್ನೂ ದೂರವಾದರೆ ಉತ್ತಮ. ಸಂಶಯವಿರುವ ನೀರನ್ನು ಕುದಿಸಿ ಕುಡಿಯಿರಿ. ಇವು ಆತ್ಮಕ್ಕೆ ಸಂಬಂಧಪಡದ ಸಂಗತಿಗಳೆಂದು ಯಾರೂ ಹೇಳಬಾರದು. ನೆರೆಯವನ ಕೊಡದಲ್ಲಿ ರೋಗವನ್ನು ತುಂಬಿಸಿ ಅವನನ್ನು ಪ್ರೀತಿಸುತ್ತೇನೆಂದು ಪ್ರಾರ್ಥಿಸುವದು ಹೇಗೆ?

3. ಬಾವಿಯನ್ನು ತೆರೆಯುವವರು. ಮೂರನೆಯ ಬಾವಿಗೆ ಜಗಳವಾಗಲಿಲ್ಲ. ಇಸಾಕನು ಅದನ್ನು ರೆಹೋಬೋತ್, ಅಂದರೆ ವಿಶಾಲಸ್ಥಳ, ಎಂದು ಕರೆದನು. ಇಸಾಕನಿಗೆ ಬೇರೆಕಡೆ ಹೋಗಲು ಸ್ಥಳವಿತ್ತೆಂಬದನ್ನು ಮರೆಯಬಾರದು. ಸ್ಥಳವಿಲ್ಲದ ಬಡವನಿಗೆ ನೀನೂ ಬೇರೆ ಬಾವಿ ತೋಡಿಕೋ ಎನ್ನುವದು ನ್ಯಾಯವಲ್ಲ. ಅವನಿಗೆ ನಮ್ಮ ಬಾವಿಯೇ ರೆಹೋಬೋತ್ ಆಗಬೇಕು. ನಮ್ಮ ಸ್ವಾಮಿಯು ಯಾಕೋಬನ ಬಾವಿಯ ಬಳಿ ದಣಿದು ಕೂತು, ಯೆಹೂದ್ಯರು ಬಳಕೆಮಾಡದಿದ್ದ ಸಮಾರ್ಯದ ಹೆಂಗಸಿನಿಂದ ಕುಡಿಯುವದಕ್ಕೆ ಕೇಳಿಕೊಂಡನು. ಆಕೆಯ ಕೊಡದ ನೀರನ್ನು ಬೇಡಿದ ಮೇಲೆಯೇ ಜೀವಜಲದ ಮಾತನ್ನು ಆಕೆಗೆ ತಿಳಿಸಿದನು.

ದೂರ ನಿಲ್ಲಿಸಲ್ಪಟ್ಟವರ ಮಕ್ಕಳು ಈಗ ಬೇರೊಬ್ಬರನ್ನು ದೂರ ನಿಲ್ಲಿಸಿದರೆ, ನಾವೂ ಫಿಲಿಷ್ಟಿಯರಂತೆ ಮಣ್ಣು ಹಾಕಿದವರೇ ಆದೆವು.

ಸಭೆಯಲ್ಲಿ ಯೋಚಿಸತಕ್ಕ ಪ್ರಶ್ನೆಗಳು:
ನಮ್ಮ ಬಾವಿಗೆ, ನಮ್ಮ ನಲ್ಲಿಗೆ ಬರಲು ಹಿಂಜರಿಯುವವರು ಯಾರಾದರೂ ಇದ್ದಾರೋ? ಯಾಕೆ?
ನಮ್ಮ ಮನೆಯ ಕೊಳಕು ನೀರು ಎಲ್ಲಿಗೆ ಹೋಗುತ್ತದೆ?
ಮಳೆಗಾಲಕ್ಕೆ ಮುಂಚೆ ನಾವೆಲ್ಲರೂ ಕೂಡಿ ಬಾವಿಗೆ ಮಾಡತಕ್ಕ ಒಂದು ಕೆಲಸ ಯಾವದು?