ಸುಂಕೇನಹಳ್ಳಿ: ಬಸವನಗುಡಿಗೆ ಮುಂಚಿನ ಊರು

ಇಂದಿನ ಬಸವನಗುಡಿಯ ನೆಲದಲ್ಲಿದ್ದ ಹಳ್ಳಿ ಸುಂಕೇನಹಳ್ಳಿ. ಇಲ್ಲಿನ ಬ್ಯೂಗಲ್ ರಾಕ್ ನೈಸ್ ಶಿಲೆ. ವಯಸ್ಸು ಸುಮಾರು 300 ಕೋಟಿ ವರ್ಷ. ಪಕ್ಕದ ದೊಡ್ಡ ಬಸವಣ್ಣನ ಗುಡಿಯನ್ನು 16ನೇ ಶತಮಾನದಲ್ಲಿ ಕಟ್ಟಿಸಿದವರು ಕೆಂಪೇಗೌಡರು. ಬಸವ ಏಕಶಿಲೆಯದು, ಎತ್ತರ ಸುಮಾರು 15 ಅಡಿ.

ಪ್ರಶ್ನೆ ಹೆಚ್ಚು ಬರುವುದು ಈ ಗುಡಿಯ ಕಡಲೆಕಾಯಿ ಪರಿಷೆಯ ಬಗ್ಗೆ. ಬೆಳೆ ಮೇಯುತ್ತಿದ್ದ ಬಸವನಿಗೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಕಡಲೆಕಾಯಿಯ ಮೊದಲ ಫಸಲು ಒಪ್ಪಿಸಿದರೆಂಬುದು ಐತಿಹ್ಯ. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ, ಇಲ್ಲಿ ಮೊದಲಿನಿಂದಲೂ ಇದ್ದದ್ದಲ್ಲ. ಹಾಗಾಗಿ ಈ ಕಥೆಗೆ ಇಸವಿ ಕಟ್ಟಲು ಹೋಗಬೇಡಿ. ಪರಿಷೆ ನಡೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ.

1898ರ ಪ್ಲೇಗ್ ಬಳಿಕ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಚಾಮರಾಜಪೇಟೆಯನ್ನು ಈ ಸಾಲಿಗೆ ಸೇರಿಸಿದರೆ ತಪ್ಪು: ಅದು 1892ರದು.